ಅರ್ಧಕ್ಕೆ ಕತ್ತರಿಸಿದ ಪದ್ಯ, ನಾನು ಸೇರಿಸಿದ ಸಾಲು

ಮೊಳೆಅಕ್ಷರ
ಭಾನುವಾರ, ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇದನ್ನು ಬರೆಯಬೇಕು ಅಂದುಕೊಂಡಿದ್ದೆ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ನಮ್ಮಪ್ಪ ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಕಂಪೋಸಿಟರ್ ಆಗಿದ್ದರು. ಅಂದರೆ ಮೊಳೆ ಜೋಡಿಸುವ ಕೆಲಸ. ಒಂದೊಂದೇ ಸೀಸದ ಅಕ್ಷರವನ್ನು ಕೇಸಿನಿಂದ (ಪ್ರತಿ ಅಕ್ಷರಕ್ಕೂ ಒಂದೊಂದು ಮನೆ ಇರುವ ತಟ್ಟೆ) ಎತ್ತಿ ಕೈಯಲ್ಲಿರುವ ಸ್ಟಿಕ್ಕಿನಲ್ಲಿ ಸಾಲು ಮಾಡಬೇಕು. ಅಕ್ಷರ ಒಂದು ಕಡೆ, ಒತ್ತು ಇನ್ನೊಂದು ಕಡೆ. ಎಂಬತ್ತರ ದಶಕದ ಮಾತಿದು. ನಾವಿದ್ದದ್ದು ಹನುಮಂತನಗರದ ಒಂದು ವಠಾರದಲ್ಲಿ. ಅಪ್ಪ ನಡೆದೇ ಹೋಗಿ ನಡೆದೇ ಬರುತ್ತಿದ್ದರು. ಬಂದ ಕೂಡಲೇ ಸೀಮೆಎಣ್ಣೆ ಹಾಕಿ ಬೆರಳಿನ ಮಸಿ ತಿಕ್ಕುತ್ತಿದ್ದರು.

ಗ್ಯಾಲಿ ಪ್ರೂಫ್ ಅಂತ ಇರುತ್ತಿತ್ತು. ಉದ್ದನೆಯ ಕಾಗದದ ಪಟ್ಟಿ, ಒಂದೇ ಕಡೆ ಅಚ್ಚು. ತಿದ್ದುವ ಕೆಲಸ ಮುಗಿದ ಮೇಲೆ ಅದು ಯಾರಿಗೂ ಬೇಡ. ಅಪ್ಪ ಅದನ್ನು ಮನೆಗೆ ತರುತ್ತಿದ್ದರು. ಬ್ಲೇಡಿನಲ್ಲಿ ಅಡ್ಡಕ್ಕೆ ಕತ್ತರಿಸಿ, ದಬ್ಬಳದಲ್ಲಿ ತೂತು ಮಾಡಿ, ದಾರ ಪೋಣಿಸಿ ನನಗೂ ಅಕ್ಕನಿಗೂ ರಫ್ ಪುಸ್ತಕ ಮಾಡಿಕೊಡುತ್ತಿದ್ದರು. ಖಾಲಿ ಕಡೆ ನಮ್ಮ ಲೆಕ್ಕ. ಅಚ್ಚಾದ ಕಡೆ ಏನು ಬೇಕಾದರೂ ಇರಬಹುದು. ಸಹಕಾರ ಸಂಘದ ವರದಿ, ಯಾವುದೋ ವ್ರತದ ಕಥೆ, ಕೆಲವು ಸಲ ಪದ್ಯ.

ನಾನು ಓದಿದ ಮೊದಲ ಪದ್ಯಗಳು ಅವೇ. ಬರೆದವರ ಹೆಸರು ಇರುತ್ತಿರಲಿಲ್ಲ. ಪಕ್ಕದಲ್ಲಿ ಕೆಂಪು ಪೆನ್ಸಿಲಿನ ಗುರುತು. ಮುಖ್ಯವಾಗಿ, ಪದ್ಯ ಪೂರ್ತಿ ಇರುತ್ತಿರಲಿಲ್ಲ. ಅಪ್ಪನ ಬ್ಲೇಡು ಎಲ್ಲಿ ಬಿತ್ತೋ ಅಲ್ಲಿಗೆ ನಿಲ್ಲುತ್ತಿತ್ತು. ಉಳಿದ ಅರ್ಧ ಅಕ್ಕನ ಪುಸ್ತಕಕ್ಕೆ ಹೋಗಿರುತ್ತಿತ್ತು. ಅವಳು ಆಗಲೇ ಅದನ್ನು ಹರಿದು ರಾಕೆಟ್ ಮಾಡಿ ಬಿಟ್ಟಿರುತ್ತಿದ್ದಳು.

ನನಗೆ ತಡೆಯೋಕೆ ಆಗುತ್ತಿರಲಿಲ್ಲ. ಮುಂದೇನು, ಮುಂದೇನು ಅಂತ ಒದ್ದಾಟ. ಕೊನೆಗೆ ನಾನೇ ಬರೆದು ಮುಗಿಸೋಕೆ ಶುರು ಮಾಡಿದೆ. ಹನ್ನೆರಡು ವರ್ಷ ಇರಬೇಕು. ಒಂದು ಹಾಳೆಯ ಕೊನೆಯಲ್ಲಿ ಈ ಸಾಲು ಇತ್ತು:

ಬಾವಿಕಟ್ಟೆಯ ಮೇಲೆ ಮರೆತ ಬಿಂದಿಗೆಯಲ್ಲಿ

ಅಷ್ಟೇ, ಅಲ್ಲಿಗೆ ಕಾಗದ ಮುಗಿದಿದೆ. ನಾನು ಪೆನ್ಸಿಲಿನಲ್ಲಿ ಕೆಳಗೆ ಬರೆದೆ:

ಸಂಜೆಯಾದರು ಒಂದು ತುಂಡು ಹಗಲುಳಿದಿತ್ತು

ಅದನ್ನು ಬರೆದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಖುಷಿಗೆ. ಆಮೇಲೆ ಐದು ವರ್ಷ ಬರೆದೇ ಬರೆದೆ. ಬಿಟಿಎಸ್ ಬಸ್ಸಿನ ಟಿಕೆಟ್ ಹಿಂದೆ, ಕ್ಯಾಲೆಂಡರ್ ಹಿಂದೆ. ಯಾವಾಗಲೂ ಯಾರದೋ ಅರ್ಧ ಸಾಲಿಗೆ ನನ್ನ ಅರ್ಧ.

ಪಿಯುಸಿಯಲ್ಲಿ ಕಾಲೇಜಿನ ಕವನ ಸ್ಪರ್ಧೆಗೆ ಆ ಬಾವಿಕಟ್ಟೆಯ ಪದ್ಯವನ್ನೇ ಬೆಳೆಸಿ ಕೊಟ್ಟೆ. ಹದಿನಾರು ಸಾಲು, ಮೊದಲನೆಯದು ಬಿಟ್ಟು ಎಲ್ಲ ನನ್ನದು. ತೀರ್ಪುಗಾರರು ಎಲ್ಲರ ಮುಂದೆ ನನ್ನನ್ನು ನಿಲ್ಲಿಸಿ, "ಎಲ್ಲಿಂದ ಇಳಿಸಿಕೊಂಡೆಯಮ್ಮ ಇದನ್ನ?" ಅಂದರು. ನನಗೆ ಮಾತೇ ಹೊರಡಲಿಲ್ಲ. ಯಾಕೆಂದರೆ ಮೊದಲ ಸಾಲು ನಿಜವಾಗಿಯೂ ನನ್ನದಲ್ಲ. ಇಲ್ಲ ಅನ್ನೋಕೆ ಆಗಲಿಲ್ಲ, ಹೌದು ಅಂದರೂ ಸುಳ್ಳಾಗುತ್ತಿತ್ತು. ಸುಮ್ನೆ ನಿಂತೆ. ಅವರು ಹಾಳೆ ವಾಪಸ್ ಕೊಟ್ಟರು. "ಸಂಜೆಯಾದರು" ಅನ್ನುವ ಪದಕ್ಕೆ ಕೆಂಪು ಇಂಕಿನಲ್ಲಿ ಸುತ್ತು ಹಾಕಿ, ತಪ್ಪು ಅಂತ ಬರೆದಿದ್ದರು.

ಅವತ್ತಿನಿಂದ ಬರೆದಿಲ್ಲ. ಈಗ ನನಗೆ ಐವತ್ತು. ಓದುವುದು ಮಾತ್ರ ಒಂದು ದಿನವೂ ಬಿಟ್ಟಿಲ್ಲ. ಅವೆನ್ಯೂ ರೋಡಿನ ಹಳೇ ಪುಸ್ತಕ, ಗಾಂಧಿ ಬಜಾರಿನ ಹೊಸ ಪುಸ್ತಕ, ಮನೆಯಲ್ಲಿ ಎರಡು ಬೀರು ತುಂಬಿದೆ. ಆದರೆ ಓದುವಾಗ ಪುಟದ ಕೊನೆಯ ಸಾಲು ಬಂದ ಕೂಡಲೇ ನಿಲ್ಲಿಸಿ, ಮುಂದಿನದನ್ನು ಮನಸ್ಸಿನಲ್ಲೇ ಮಾಡಿಕೊಂಡು, ಆಮೇಲೆ ಪುಟ ತಿರುವುತ್ತೇನೆ. ಆ ಅಭ್ಯಾಸ ಹೋಗಿಲ್ಲ.

ನನ್ನ ಪ್ರಶ್ನೆ ಇದು. ಬೇರೆಯವರ ಸಾಲಿನಿಂದ ಶುರುವಾದದ್ದು ಎಲ್ಲಿಂದ ನಮ್ಮದಾಗುತ್ತದೆ? ನಿಮಗೂ ಚಿಕ್ಕಂದಿನಿಂದ ಪದ್ಯದ ನಂಟು ಇದ್ದರೆ, ಅದು ಹೇಗೆ ಶುರುವಾಯಿತು, ಎಲ್ಲಿ ನಿಂತಿತು ಅಂತ ಹೇಳಿ.

ತಿಂಡಿಬೀದಿ
ಭಾನುವಾರ, ಬೆಳಿಗ್ಗೆ 8:15

ಅಕ್ಕಾ, ಓದಿ ಗಂಟಲು ಕಟ್ಟಿತು. ಆ ಹಾಳೆ ಈಗಲೂ ಇದೆಯಾ?

ಮೊಳೆಅಕ್ಷರ
ಭಾನುವಾರ, ಬೆಳಿಗ್ಗೆ 8:22

ಇದೆ. ಅಮ್ಮನ ಟ್ರಂಕಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ. ಹಿಂದಿನ ಕಡೆ ನನ್ನ ಭಾಗಾಕಾರದ ಲೆಕ್ಕ ಇದೆ.

ಎಂಟನೇ ಕ್ರಾಸ್
ಭಾನುವಾರ, ಬೆಳಿಗ್ಗೆ 10:05

ನನ್ನದು ಮಲ್ಲೇಶ್ವರಂ. ನನಗೆ ಪದ್ಯ ಕಿವಿಯಿಂದ ಬಂತು. ನಮ್ಮಣ್ಣ ನಿತ್ಯೋತ್ಸವ ಕ್ಯಾಸೆಟ್ ತಂದಿದ್ದ. ಅದು 1978ರಲ್ಲಿ ಬಂದದ್ದು, ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ್ದರು. ನಮ್ಮ ಮನೆಗೆ ಟೇಪ್ ರೆಕಾರ್ಡರ್ ಬಂದದ್ದು ಸ್ವಲ್ಪ ತಡವಾಗಿ. ನಾನು ಒಂದು ಸಾಲು ಕೇಳಿ, ನಿಲ್ಲಿಸಿ, ಬರೆದು, ಮತ್ತೆ ಹಿಂದಕ್ಕೆ ತಿರುಗಿಸಿ ಕೇಳುತ್ತಿದ್ದೆ. ಹಾಗೆ ಒಂದು ನೋಟ್‌ಬುಕ್ ಪೂರ್ತಿ ತುಂಬಿಸಿದೆ. ತುಂಬಾ ವರ್ಷ ಕವಿ ಅಂದರೆ ಹಾಡುಗಾರ ಅಂತಲೇ ತಿಳಿದಿದ್ದೆ. ನಿಸಾರ್ ಅವರು ಕಾಲೇಜಿನಲ್ಲಿ ಭೂವಿಜ್ಞಾನದ ಪಾಠ ಮಾಡುತ್ತಿದ್ದವರು ಅಂತ ಗೊತ್ತಾದಾಗ ಆಶ್ಚರ್ಯವೋ ಆಶ್ಚರ್ಯ. ಕಲ್ಲು, ಮಣ್ಣಿನ ಪಾಠ ಮಾಡುವವರು ಪದ್ಯ ಬರೆಯಬಹುದಾದರೆ ಬ್ಯಾಂಕಿನಲ್ಲಿ ಕೂರುವ ನಾನು ಓದಬಹುದು ಅಂತ ಒಂದು ಧೈರ್ಯ ಬಂತು.

ಆಮೇಲೆ ಮೈಸೂರ ಮಲ್ಲಿಗೆ ಪುಸ್ತಕ ಕೈಗೆ ಬಂತು. ಹಾಡಾಗಿ ಗೊತ್ತಿದ್ದ ಪದ್ಯವನ್ನು ಮೊದಲ ಸಲ ಅಚ್ಚಿನಲ್ಲಿ ನೋಡಿದೆ. ರಾಗ ಇಲ್ಲ, ತಬಲಾ ಇಲ್ಲ. ಪುಟದ ತುಂಬಾ ಖಾಲಿ ಜಾಗ. ಅವತ್ತು ನಾನು ನಿಜವಾಗಿ ಓದಲು ಕಲಿತೆ ಅನಿಸುತ್ತದೆ.

ಒಂದು ಮಾತು ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ನಾನು ಒಂದು ಸಾಲೂ ಬರೆದವನಲ್ಲ, ಬರೆಯಬೇಕು ಅಂತಲೂ ಅನಿಸಿಲ್ಲ. ಓದುವುದೇ ಒಂದು ಪೂರ್ತಿ ಕೆಲಸ. ನೀವು ಬರೆಯುವುದನ್ನು ಬಿಟ್ಟ ದಿನ ಪದ್ಯವನ್ನೇ ಬಿಟ್ಟ ಹಾಗೆ ಮಾತಾಡುತ್ತಿದ್ದೀರಿ. ಎರಡು ಬೀರು ತುಂಬಾ ಓದಿದವರು ಪದ್ಯ ಬಿಟ್ಟವರಲ್ಲ.

ಇಂಡಿ ಲಿಂಬಿ
ಭಾನುವಾರ, ಮಧ್ಯಾಹ್ನ 12:30

ನಾನು ವಿಜಯಪುರ ಜಿಲ್ಲೆ ಇಂಡಿ ಕಡೆಯವಳು. ಈಗ ಪೀಣ್ಯದಲ್ಲಿ ಇದ್ದೇನೆ. ಯಾರ ಸಾಲು ಯಾರದು ಅನ್ನುವ ಪ್ರಶ್ನೆ ಓದಿ ನನಗೆ ನಮ್ಮ ಆಯಿಯ ನೆನಪಾಯಿತು.

ಆಯಿ ಬೀಸುಕಲ್ಲಿನ ಒಂದು ಕಡೆ, ಸೋದರತ್ತೆ ಇನ್ನೊಂದು ಕಡೆ. ಗೂಟ ಇಬ್ಬರ ಕೈಯಲ್ಲೂ. ಆಯಿ ಒಂದು ಸಾಲು ಎತ್ತಿದರೆ ಅತ್ತೆ ಮುಂದಿನದನ್ನು ಹಿಡಿಯುತ್ತಿದ್ದಳು. ತ್ರಿಪದಿ ಅಂದರೆ ಬರೆದಾಗ ಮೂರು ಸಾಲು. ಹಾಡುವಾಗ ಎರಡನೇ ಸಾಲಿನ ಮಾತನ್ನು ಮತ್ತೊಮ್ಮೆ ಎಳೆಯುತ್ತಾರೆ, ನಾಲ್ಕು ಸಾಲಿನಷ್ಟಾಗುತ್ತದೆ. ಹಾಗೆ ಎಳೆಯುವ ಹೊತ್ತಿನಲ್ಲೇ ಮೂರನೇ ಸಾಲು ಏನು ಅಂತ ಯೋಚಿಸಿಕೊಳ್ಳುವುದು. ಒಂದು ಮುಂಜಾನೆ ಅತ್ತೆ ತವರಿನ ಸಾಲಿಗೆ ಹೊಸದೊಂದು ಸಾಲು ಕೂಡಿಸಿದಳು. ಆಯಿ ಕಲ್ಲು ನಿಲ್ಲಿಸಿ ಅವಳ ಮುಖ ನೋಡಿದಳು. ಏನೂ ಅನ್ನಲಿಲ್ಲ, ಮತ್ತೆ ಬೀಸಿದಳು. ಮರುದಿನ ಆಯಿಯೇ ಆ ಸಾಲು ಹಾಡಿದಳು. ನಾನು ಹಿಟ್ಟು ಬಳಿಯುತ್ತಾ ಅಲ್ಲೇ ಕೂತಿದ್ದೆ, ಕಣ್ಣಾರೆ ನೋಡಿದ್ದು.

ನಮ್ಮ ಕಡೆಯ ಹಲಸಂಗಿ ಊರಿನ ಗೆಳೆಯರು ಇಂಥ ಹಾಡುಗಳನ್ನು ಕೂಡಿಸಿ 1931ರಲ್ಲಿ ಗರತಿಯ ಹಾಡು ಅಂತ ಪುಸ್ತಕ ತಂದರು. ದೊಡ್ಡ ಕೆಲಸ ಅದು. ಶರಣರ ವಚನದಲ್ಲಿ ಅಂಕಿತ ಇರುತ್ತದೆ, ದಾಸರ ಪದದಲ್ಲಿಯೂ ಇರುತ್ತದೆ, ಓದಿದ ಕೂಡಲೇ ಯಾರದು ಅಂತ ತಿಳಿಯುತ್ತದೆ. ಬೀಸುವ ಪದಕ್ಕೆ ಅಂಕಿತ ಇಲ್ಲ. ನಮ್ಮತ್ತೆ ಕೂಡಿಸಿದ ಸಾಲು ಎಲ್ಲರದೂ ಆಯಿತು. ಅವಳನ್ನು ಎಲ್ಲಿಂದ ಇಳಿಸಿಕೊಂಡೆ ಅಂತ ಯಾರೂ ಕೇಳಲಿಲ್ಲ ಅಕ್ಕಾ.

ಮೂರನೇ ಪಾಳಿ
ಭಾನುವಾರ, ಮಧ್ಯಾಹ್ನ 3:10

ಆ ತೀರ್ಪುಗಾರರು ಕೇಳಿದ ರೀತಿ ಸರಿಯಲ್ಲ, ಅದರಲ್ಲಿ ಎರಡು ಮಾತಿಲ್ಲ. ಹದಿನೇಳರ ಹುಡುಗಿಯನ್ನು ಎಲ್ಲರ ಎದುರು ಹಾಗೆ ನಿಲ್ಲಿಸಬಾರದು.

ಆದರೂ ಒಂದು ಕೇಳುತ್ತೇನೆ. ಬೀಸುವ ಪದ ಬೇರೆ, ಸ್ಪರ್ಧೆ ಬೇರೆ ಅಲ್ವಾ? ಹೆಸರು ಹಾಕಿ ಕೊಡುವಾಗ ಮೊದಲ ಸಾಲು ಇಂಥ ಕಡೆ ಸಿಕ್ಕಿದ್ದು ಅಂತ ಕೆಳಗೆ ಬರೆಯಬಹುದಿತ್ತು. ನಾನೂ ಬರೆಯುತ್ತೇನೆ. ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ, ಮೆಷಿನ್ ಓಡುವಾಗ ಮನಸ್ಸಿನಲ್ಲಿ ಸಾಲು ಕಟ್ಟಿ ಬೆಳಿಗ್ಗೆ ಬರೆದಿಡುತ್ತೇನೆ. ನನ್ನ ಒಂದು ಸಾಲನ್ನು ಯಾರಾದರೂ ಹೇಳದೆ ತೆಗೆದುಕೊಂಡರೆ ನನಗೆ ನೋವಾಗುತ್ತದೆ. ಆ ಮೊದಲ ಸಾಲು ಬರೆದವರೂ ಎಲ್ಲೋ ಒಬ್ಬರು ಇದ್ದಾರಲ್ಲ.

ಮೊಳೆಅಕ್ಷರ
ಭಾನುವಾರ, ಮಧ್ಯಾಹ್ನ 3:45

ನೀವು ಹೇಳಿದ್ದು ಸರಿ. ಮುಚ್ಚಿಡಬೇಕು ಅಂತ ಮಾಡಿದ್ದಲ್ಲ. ಆ ಸಾಲಿನ ಜೊತೆ ಐದು ವರ್ಷ ಬದುಕಿದ್ದೆ, ಅದು ಬೇರೆಯವರದು ಅನ್ನುವುದೇ ಮರೆತುಹೋಗಿತ್ತು. ಅವರು ಕೇಳಿದಾಗ ಥಟ್ಟನೆ ನೆನಪಾಯಿತು. ನನ್ನ ಬಾಯಿ ಕಟ್ಟಿಸಿದ್ದು ಅದೇ. ಬರೆದವರು ಯಾರು ಅಂತ ಹುಡುಕುವ ಪ್ರಯತ್ನವನ್ನೂ ನಾನು ಮಾಡಲಿಲ್ಲ. ಅದು ನನ್ನ ತಪ್ಪೇ.

ಲಘುಗುರು
ಭಾನುವಾರ, ಸಂಜೆ 6:20

ನಾನು ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಕನ್ನಡ ಪಾಠ ಮಾಡಿದವನು. ನಿವೃತ್ತನಾಗಿ ಎನ್. ಆರ್. ಕಾಲೊನಿಯಲ್ಲಿ ಇದ್ದೇನೆ. ಮಧ್ಯಾಹ್ನದಿಂದ ಆ ಎರಡು ಸಾಲುಗಳನ್ನು ಕಾಗದದ ಮೇಲೆ ಬರೆದು ಇಟ್ಟುಕೊಂಡು ಕೂತಿದ್ದೇನೆ.

ಪ್ರಸ್ತಾರ ಹಾಕಿ ಗಣ ವಿಂಗಡಿಸಿ ಅಂತ ಪರೀಕ್ಷೆಯಲ್ಲಿ ಕೇಳುತ್ತಿದ್ದರಲ್ಲ, ಅದನ್ನು ಇಲ್ಲಿ ಮಾಡೋಣ. ಮಾತ್ರೆ ಅಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ, ಗಣ ಅಂದರೆ ಮಾತ್ರೆಗಳ ಗುಂಪು. ಹ್ರಸ್ವಕ್ಕೆ ಒಂದು ಮಾತ್ರೆ. ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು, ಸೊನ್ನೆ ಇರುವ ಅಕ್ಷರಕ್ಕೂ ಎರಡು. ಈಗ ಓದಿ:

ಬಾವಿಕ | ಟ್ಟೆಯ ಮೇಲೆ | ಮರೆತ ಬಿಂ | ದಿಗೆಯಲ್ಲಿ

ಐದು, ಐದು, ಐದು, ಐದು. ಒಟ್ಟು 20 ಮಾತ್ರೆ. ಬರೆದವರು ಛಂದಸ್ಸು ಬಲ್ಲವರು. ಈಗ ಹನ್ನೆರಡು ವರ್ಷದ ಹುಡುಗಿಯ ಸಾಲು:

ಸಂಜೆಯಾ | ದರು ಒಂದು | ತುಂಡು ಹಗ | ಲುಳಿದಿತ್ತು

ಇದೂ ಐದು, ಐದು, ಐದು, ಐದು. ಒಂದು ಮಾತ್ರೆ ಆಚೀಚೆ ಇಲ್ಲ.

ಈಗ ಆ ಕೆಂಪು ಸುತ್ತಿನ ವಿಷಯ. ವ್ಯಾಕರಣದ ಪ್ರಕಾರ "ಸಂಜೆಯಾದರೂ" ಅಂತ ದೀರ್ಘ ಬೇಕು, ನಿಜ. ಆದರೆ ದೀರ್ಘ ಹಾಕಿದರೆ ಎರಡನೇ ಗಣಕ್ಕೆ ಆರು ಮಾತ್ರೆ ಆಗುತ್ತದೆ, ಸಾಲು ಕುಂಟುತ್ತದೆ. ಜೋರಾಗಿ ಎರಡೂ ರೀತಿ ಹೇಳಿ ನೋಡಿ, ಕಾಲು ಎಡವುವುದು ಗೊತ್ತಾಗುತ್ತದೆ. ನಿಮಗೆ ಆಗ ಮಾತ್ರೆಯ ಪಾಠ ಆಗಿರಲಿಕ್ಕಿಲ್ಲ. ನಿಮ್ಮ ಕಿವಿ ಅದನ್ನು ಹ್ರಸ್ವ ಮಾಡಿತು. ಇಳಿಸಿಕೊಂಡವರು ಹೀಗೆ ಮಾಡುವುದಿಲ್ಲ ಅಮ್ಮ. ಕಟ್ಟುವವರು ಮಾತ್ರ ಮಾಡುತ್ತಾರೆ. ಅವರು ತಪ್ಪು ಅಂತ ಸುತ್ತು ಹಾಕಿದ ಜಾಗವೇ ಆ ಸಾಲು ನಿಮ್ಮದು ಅನ್ನುವುದಕ್ಕೆ ಸಾಕ್ಷಿ.

ಇನ್ನೊಂದು. ಕೊಟ್ಟ ಸಾಲನ್ನು ಪೂರ್ತಿ ಮಾಡುವುದು ನಮ್ಮಲ್ಲಿ ಕಳ್ಳತನ ಆಗಿರಲಿಲ್ಲ, ವಿದ್ಯೆ ಆಗಿತ್ತು. ಅವಧಾನದಲ್ಲಿ, ಅಂದರೆ ಸಭೆಯಲ್ಲಿ ನಿಂತ ನಿಲುವಿನಲ್ಲೇ ಪದ್ಯ ಕಟ್ಟುವ ಕಲೆಯಲ್ಲಿ, ಸಮಸ್ಯಾಪೂರಣ ಅಂತಲೇ ಒಂದು ವಿಭಾಗ ಇದೆ. ಪೃಚ್ಛಕರು, ಅಂದರೆ ಪ್ರಶ್ನೆ ಹಾಕುವವರು, ಕೊನೆಯ ಸಾಲು ಕೊಡುತ್ತಾರೆ, ಅವಧಾನಿ ಮೇಲಿನ ಮೂರು ಸಾಲು ಕಟ್ಟಬೇಕು. ಸಾಲು ಕೊಟ್ಟವರು ಯಾರು, ಕಟ್ಟಿದವರು ಯಾರು ಅಂತ ಸಭೆಗೆಲ್ಲ ಗೊತ್ತಿರುತ್ತದೆ. ಮೂರನೇ ಪಾಳಿಯವರು ಕೇಳಿದ್ದೂ ಅದನ್ನೇ ಅಂತ ನನ್ನ ಭಾವನೆ.

ಒಂದು ಕುತೂಹಲ. ಐದು ಮಾತ್ರೆಯ ನಡೆ ನಿಮ್ಮ ಕಿವಿಗೆ ಎಲ್ಲಿಂದ ಬಂತು? ವಾರ್ಧಕ ಷಟ್ಪದಿಯ ಚಿಕ್ಕ ಸಾಲಿಗೆ ಇದೇ ಅಳತೆ. ಲಕ್ಷ್ಮೀಶ ಕವಿಯ ಜೈಮಿನಿ ಭಾರತ ಇರುವುದು ಆ ಷಟ್ಪದಿಯಲ್ಲೇ. ಮನೆಯಲ್ಲಿ ಯಾರಾದರೂ ಅದನ್ನು ಓದುತ್ತಿದ್ದರಾ?

ಮೊಳೆಅಕ್ಷರ
ಭಾನುವಾರ, ರಾತ್ರಿ 8:50

ಸರ್, ಕೈ ನಡುಗುತ್ತಿದೆ ಬರೆಯುವಾಗ.

ಅಜ್ಜಿ. ಅಪ್ಪನ ಅಮ್ಮ. ಕಡೂರು ಕಡೆಯವರು. ಲಕ್ಷ್ಮೀಶನ ದೇವನೂರು ಅದೇ ತಾಲ್ಲೂಕು. ಅಜ್ಜಿಗೆ ಓದೋಕೆ ಬರುತ್ತಿರಲಿಲ್ಲ. ಊರಿನಲ್ಲಿ ಕೇಳಿ ಕೇಳಿ ಜೈಮಿನಿಯ ಎಷ್ಟೋ ಪದ್ಯ ಬಾಯಿಗೆ ಬಂದಿತ್ತು. ಮೊರದಲ್ಲಿ ಅಕ್ಕಿ ಆರಿಸುತ್ತಾ ಹೇಳುತ್ತಿದ್ದರು. ಕಲ್ಲು ಸಿಕ್ಕಿದರೆ ಅಲ್ಲೇ ನಿಲ್ಲಿಸಿ, ಕಲ್ಲು ತೆಗೆದು ಎಸೆದು, ನಿಲ್ಲಿಸಿದ ಅಕ್ಷರದಿಂದಲೇ ಮುಂದುವರಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಭತ್ತ ಹೆಕ್ಕುತ್ತಿದ್ದೆ. ಅರ್ಥ ಒಂದೂ ಆಗುತ್ತಿರಲಿಲ್ಲ.

ಮೂವತ್ತಮೂರು ವರ್ಷ ನನಗೆ ಇದು ಹೊಳೆದಿರಲಿಲ್ಲ. ನನ್ನ ಪದ್ಯ ಪ್ರೂಫ್ ಹಾಳೆಯಿಂದ ಬಂತು ಅಂತಲೇ ಎಲ್ಲರಿಗೂ ಹೇಳುತ್ತಿದ್ದೆ. ಮಾತು ಹಾಳೆಯಿಂದ ಬಂತು, ನಡೆ ಅಜ್ಜಿಯ ಮೊರದಿಂದ ಬಂತು.

ಮೆಟ್ರೋ ಹಸಿರು
ಭಾನುವಾರ, ರಾತ್ರಿ 9:30

ನನಗೆ 19. ಹಸಿರು ಮಾರ್ಗದಲ್ಲಿ ದಿನಾ ಕಾಲೇಜಿಗೆ ಹೋಗುವಾಗ ಫೋನಿನಲ್ಲಿ ಕವಿತೆ ಬರೆಯುತ್ತೇನೆ, ಇಂಗ್ಲಿಷಿನಲ್ಲಿ. ಮನೆಯಲ್ಲಿ ಮಾತಾಡುವುದು ಕನ್ನಡವೇ. ಬರೆಯೋಕೆ ಹೋದರೆ ಒತ್ತಕ್ಷರದಲ್ಲಿ ತಪ್ಪಾಗುತ್ತದೆ ಅಂತ ಭಯ. ಇಷ್ಟು ದೊಡ್ಡವರ ನಡುವೆ ಕೇಳುತ್ತಿದ್ದೇನೆ, ಈಗ ಕನ್ನಡದಲ್ಲಿ ಶುರು ಮಾಡಿದರೆ ತಡ ಆಯಿತಾ?

ಎಂಟನೇ ಕ್ರಾಸ್
ಭಾನುವಾರ, ರಾತ್ರಿ 9:48

ತಡ ಏನೂ ಇಲ್ಲ ಪುಟ್ಟಾ. ಕುವೆಂಪು ಅವರೂ ನಿನ್ನ ವಯಸ್ಸಿನಲ್ಲಿ ಇಂಗ್ಲಿಷಿನಲ್ಲೇ ಬರೆಯುತ್ತಿದ್ದರು. 1922ರಲ್ಲಿ ಅವರ ಇಂಗ್ಲಿಷ್ ಕವನಗಳ ಪುಸ್ತಕವೂ ಬಂದಿತ್ತು. ಆಮೇಲೆ ಮೈಸೂರಿಗೆ ಬಂದಿದ್ದ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅವುಗಳನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂದರು. ಹಿರಿಯರ ಒಂದು ಮಾತು ಒಬ್ಬರನ್ನು ತಿರುಗಿಸಿ ಮನೆಗೆ ಕಳಿಸಿತು. ಇಲ್ಲಿ ಇನ್ನೊಬ್ಬ ಹಿರಿಯರ ಮಾತು ಒಬ್ಬ ಹುಡುಗಿಯ ಕೈಯಿಂದ ಪೆನ್ಸಿಲ್ ಬೀಳಿಸಿತು. ಬೆಳಿಗ್ಗೆ ನಾನು ಓದುವುದೇ ಸಾಕು ಅಂದಿದ್ದೆ ಮೇಡಂ. ಲಘುಗುರು ಅವರ ಲೆಕ್ಕ ನೋಡಿದ ಮೇಲೆ ನಿಮ್ಮ ವಿಷಯದಲ್ಲಿ ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ನೀವು ಬರೆಯಬೇಕು.

ಮೂರನೇ ಪಾಳಿ
ಭಾನುವಾರ, ರಾತ್ರಿ 10:15

ಪಾಳಿಗೆ ಹೊರಟಿದ್ದೇನೆ. ತಂಗೀ, ಒತ್ತಕ್ಷರ ತಪ್ಪಾದರೆ ತಿದ್ದಬಹುದು. ಮೊದಲು ಬರಿ.

ಅಕ್ಕಾ, ಆ ಸಾಲು ಬರೆದವರನ್ನು ಹುಡುಕೋಣ. ಪುಸ್ತಕ ಅಚ್ಚಾಗಿದ್ದರೆ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನಲ್ಲೋ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲೋ ಒಂದು ಪ್ರತಿ ಇರಬಹುದು. ನನಗೆ ಗುರುವಾರ ರಜೆ, ನಾನು ಹೋಗಿ ನೋಡುತ್ತೇನೆ. ನಿಮ್ಮ ತಂದೆಯವರನ್ನು ಕೇಳಿದ್ದೀರಾ?

ಮೊಳೆಅಕ್ಷರ
ಮಂಗಳವಾರ, ರಾತ್ರಿ 9:05

ಗುರುವಾರ ಹೋಗುವುದು ಬೇಡ. ಕೇಳಿದೆ.

ಅಪ್ಪನಿಗೆ ಈಗ ಎಂಬತ್ತು. ಕಣ್ಣು ಮಂಜು. ಹಾಳೆ ಕೈಗೆ ಕೊಟ್ಟೆ. ಓದಲಿಲ್ಲ, ಹಿಂದಿನಿಂದ ಬೆರಳಾಡಿಸಿ ಅಚ್ಚು ಒತ್ತಿದ ಗುರುತು ಸವರಿದರು. ನಾನು ಸಾಲು ಓದಿದೆ. "ಆ ಮನುಷ್ಯ ಬರಲೇ ಇಲ್ಲ" ಅಂದರು.

ಬಟ್ಟೆ ಚೀಲದಲ್ಲಿ ಹಸ್ತಪ್ರತಿ ತಂದಿದ್ದರಂತೆ. ಸ್ವಲ್ಪ ಅಡ್ವಾನ್ಸ್ ಕೊಟ್ಟು ಹೋದರು. ಎಂಟು ಪುಟ ಜೋಡಿಸಿ, ಪ್ರೂಫ್ ತೆಗೆದು ಇಟ್ಟರು. ಅವರು ತಿರುಗಿ ಬರಲಿಲ್ಲ. ಜೋಡಿಸಿದ ಪುಟಗಳನ್ನು ದಾರ ಕಟ್ಟಿ ಬೆಂಚಿನ ಕೆಳಗೆ ತಿಂಗಳುಗಟ್ಟಲೆ ಇಟ್ಟಿದ್ದರು. ಪದ್ಯಕ್ಕೆ ಖಾಲಿ ಸೀಸದ ತುಂಡು ಜಾಸ್ತಿ ಬೇಕು, ಸಾಲು ಚಿಕ್ಕದಲ್ವಾ. ಅಷ್ಟು ಸೀಸ ಸುಮ್ನೆ ಕಟ್ಟಿ ಇಡೋಕೆ ಆಗುವುದಿಲ್ಲ. ಕೊನೆಗೆ ಓನರ್ ಬಿಚ್ಚೋಕೆ ಹೇಳಿದರು. ಅಪ್ಪನೇ ದಾರ ಬಿಚ್ಚಿ ಒಂದೊಂದೇ ಮೊಳೆಯನ್ನು ಕೇಸಿನ ಮನೆಗಳಿಗೆ ವಾಪಸ್ ಹಾಕಿದರು. ಮಾರನೇ ದಿನ ಅದೇ ಅಕ್ಷರಗಳಲ್ಲಿ ಯಾರದೋ ಗೃಹಪ್ರವೇಶದ ಕರೆಯೋಲೆ ಜೋಡಿಸಿದರಂತೆ.

ಪುಸ್ತಕ ಆಗಲೇ ಇಲ್ಲ. ಹಾಗಾದರೆ ಪದ್ಯ ಈ ಹಾಳೆಯಲ್ಲಿ ಬಿಟ್ಟು ಬೇರೆಲ್ಲೂ ಅಚ್ಚಾಗಿಲ್ಲ. ಅವರ ಹೆಸರು ಅಪ್ಪನಿಗೆ ನೆನಪಿಲ್ಲ. ಕೈಬರಹ ದುಂಡಗಿತ್ತು ಅನ್ನುವುದು ನೆನಪಿದೆ.

ಅಪ್ಪನಿಗೆ ನನ್ನ ಸಾಲನ್ನೂ ಓದಿದೆ, ಮೊದಲನೇ ಸಲ. ಅಪ್ಪ ಕಣ್ಣು ಮುಚ್ಚಿಕೊಂಡು, ಬಲಗೈ ಮುಂದೆ ಚಾಚಿ, ಗಾಳಿಯಲ್ಲಿ ಒಂದೊಂದೇ ಅಕ್ಷರ ಹೆಕ್ಕಿದರು. ಸಂ ಎಡಗಡೆ, ಜೆ ಸ್ವಲ್ಪ ಮೇಲೆ. "ಉಳಿದಿತ್ತು"ವಿನ ತ ಒತ್ತಿಗೆ ಕೈ ದೂರ ಹೋಯಿತು. ಪ್ರೆಸ್ಸು ಮುಚ್ಚಿ ಎಷ್ಟೋ ವರ್ಷ ಆಯಿತು, ಕೈಗೆ ಇನ್ನೂ ಮನೆಗಳು ಗೊತ್ತು. ಸಾಲು ಮುಗಿಸಿ, "ಆಮೇಲೆ?" ಅಂದರು.

ಸ್ಪರ್ಧೆಗೆ ಕೊಟ್ಟ ಹದಿನಾರು ಸಾಲಿನ ಹಾಳೆಯನ್ನು ಅವತ್ತೇ ಒಲೆಗೆ ಹಾಕಿದ್ದೆ. ಒಂದೂ ನೆನಪಿಲ್ಲ. ಆಮೇಲೆ ಏನು ಅಂತ ಹೇಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಇವತ್ತು ಸಂಜೆ ಹೂವಿನ ಗಿಡಕ್ಕೆ ನೀರು ಹಾಕುವಾಗ ಬಂತು. ಮೂರನೇ ಪಾಳಿಯವರೇ, ಮೊದಲ ಸಾಲು ಬಟ್ಟೆ ಚೀಲದವರದು ಅಂತ ಹಾಳೆಯ ಮೇಲೆಯೇ ಬರೆದಿದ್ದೇನೆ. ಲಘುಗುರು ಸರ್, ಒಂದು ಸಲ ಎಣಿಸಿ ಹೇಳಿ.

ಬಾವಿಕಟ್ಟೆಯ ಮೇಲೆ ಮರೆತ ಬಿಂದಿಗೆಯಲ್ಲಿ
ಸಂಜೆಯಾದರು ಒಂದು ತುಂಡು ಹಗಲುಳಿದಿತ್ತು
ಯಾರು ಬರುವರೊ ಎಂದು ದಾರಿ ನೋಡುತಲಿತ್ತು

ಲಘುಗುರು
ಮಂಗಳವಾರ, ರಾತ್ರಿ 9:20

ಐದು, ಐದು, ಐದು, ಐದು. "ಬರುವರೊ" ಹ್ರಸ್ವವೇ ಇರಲಿ, ತಿದ್ದಬೇಡಿ. ತಂದೆಯವರಿಗೆ ಓದಿ ಹೇಳಿ.